ಅಪ್ಪನ ಎಡಗಿವಿಗೆ ಹೇಳದ ಮಾತು

ಅಪ್ಪನಿಗೆ ಕೊನೆಯ ವರ್ಷಗಳಲ್ಲಿ ಎಡಗಿವಿಯೊಂದೇ ಕೇಳಿಸುತ್ತಿತ್ತು. ಅದರ ಹತ್ತಿರ ಬಾಯಿ ಇಟ್ಟು, ಸ್ವಲ್ಪ ಜೋರಾಗಿ, ನಿಧಾನವಾಗಿ ಹೇಳಿದರೆ ಎಲ್ಲ ಅರ್ಥವಾಗುತ್ತಿತ್ತು. ಫೋನು ಆಗುತ್ತಿರಲಿಲ್ಲ. ಯಾರಾದರೂ ಫೋನಿನಲ್ಲಿ ಏನಾದರೂ ತಿಳಿಸಿದರೆ ಅದನ್ನು ಅಪ್ಪನ ಕಿವಿಗೆ ಮುಟ್ಟಿಸುವ ಕೆಲಸ ನನ್ನದಾಗಿತ್ತು. ನನ್ನ ತಂಗಿ ಹಾಗೆ ಮುಟ್ಟಿಸು ಎಂದು ಒಪ್ಪಿಸಿದ ಒಂದು ಮಾತನ್ನು ನಾನು ಮುಟ್ಟಿಸಲಿಲ್ಲ. ಒಂದು ದಿನ ಮರೆತೆ ಎಂದಲ್ಲ. ಎರಡು ವರ್ಷಕ್ಕೂ ಮೇಲೆ, ತಿಳಿದೂ ತಿಳಿದೂ, ಹೇಳಲಿಲ್ಲ. ಅಪ್ಪ ಅದನ್ನು ಕೇಳದೆಯೇ ಹೋದರು.

ನನ್ನ ತಂಗಿ ನ್ಯಾಯಾಧೀಶೆ. ಸಣ್ಣ ಊರುಗಳ ಕೋರ್ಟುಗಳಿಂದ ಹಿಡಿದು ಹೈಕೋರ್ಟಿನವರೆಗೆ, ಆಮೇಲೆ ಸಮುದ್ರದಾಚೆ ಯುದ್ಧಕಾಲದಲ್ಲಿ ಊರಿಗೆ ಊರನ್ನೇ ಕೊಂದವರ ವಿಚಾರಣೆ ಮಾಡುವ ನ್ಯಾಯಮಂಡಳಿಯವರೆಗೆ ಹೋದವಳು. ನಾನು ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಇಟ್ಟವನು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ತಂಗಿ ಓದಲಿ ಅಂತ ಅಣ್ಣ ಬಿಟ್ಟ ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ, ನಾನೂ ಬಹಳ ದಿನ ಹಾಗೆ ಹೇಳಲು ಬಿಟ್ಟೆ. ನಿಜವೆಂದರೆ ನನಗೆ ಶಾಲೆ ಹಿಡಿಸಲಿಲ್ಲ. ಅಪ್ಪ ಹೊಡೆದು ಕಳಿಸಿದರೂ ಮಾರುಕಟ್ಟೆಗೇ ಓಡಿ ಬರುತ್ತಿದ್ದೆ. ಈ ಬರಹದಲ್ಲಿ ಅಷ್ಟಾದರೂ ಸರಿಯಾಗಿ ಇರಲಿ.

ನಮ್ಮ ಮನೆ ದೊಡ್ಡನೆಕ್ಕುಂದಿಯಲ್ಲಿ. ಈಗ ಗಾಜಿನ ಕಟ್ಟಡಗಳು ನಿಂತಿರುವ ಕಡೆ ಆಗ ನಮ್ಮ ಸುಗಂಧರಾಜದ ತೋಟ ಇತ್ತು, ಅದರ ಪಕ್ಕ ಸೇವಂತಿಗೆ, ಗುಲಾಬಿ. ಬೆಳಗಿನ ಜಾವ ಬಿಡಿಸಿದ ಹೂವನ್ನು ಒದ್ದೆ ಗೋಣಿಯಲ್ಲಿ ತುಂಬಿ, ಬಸ್ಸಿನ ಮೇಲೆ ಹಾಕಿಕೊಂಡು ಶಿವಾಜಿನಗರಕ್ಕೆ ತರುತ್ತಿದ್ದೆವು. ತಂಗಿ ರಜೆಯ ದಿನಗಳಲ್ಲಿ ನಮ್ಮ ಜೊತೆ ಬರುತ್ತಿದ್ದಳು. ಅಂಗಡಿಯಲ್ಲಿ ಮೂರು ಭಾಷೆ ನಡೆಯುತ್ತಿದ್ದವು. ಅಪ್ಪನಿಗೆ ಕನ್ನಡ. ಹೂ ಕಟ್ಟುವ ಹೆಂಗಸರು ಹಲಸೂರಿನಿಂದ ಬರುವ ತಮಿಳಿನವರು. ಮದುವೆಗೆ ಹೂ ಕೊಳ್ಳುವವರಲ್ಲಿ ಬಹಳ ಜನ ದಖ್ಖನಿ ಉರ್ದು ಮಾತಿನವರು. ಅಲ್ಲಿ ಬೆಳೆದ ಮಕ್ಕಳಿಗೆಲ್ಲ ಮೂರೂ ಬರುತ್ತಿತ್ತು, ನನಗೂ ಬರುತ್ತಿತ್ತು. ಆದರೆ ನಾನು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವಾಗ ನಮಗೆ ಬೇಕಾದಷ್ಟು ಹೇಳಿ, ಬೇಡದ್ದನ್ನು ನುಂಗಿಬಿಡುತ್ತಿದ್ದೆ. ಅವಳು ನುಂಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮದುವೆಯ ಹೂವಿನ ಕೆಲಸ ಮಾಡುವ ಮುದುಕರೊಬ್ಬರು ಗುಲಾಬಿ ತೂಗಿಸಿಕೊಂಡು, ಹೂ ನೆನೆದಿದೆ, ಇದು ನೀರಿನ ತೂಕ ಎಂದು ಜಗಳ ತೆಗೆದರು. ಮಂಜಿನ ನೀರು ಅಂದರು ಅಪ್ಪ. ಪಕ್ಕದಲ್ಲಿ ಹೂ ಕಟ್ಟುತ್ತ ಕೂತಿದ್ದ ತಮಿಳಿನ ಅಜ್ಜಿ ಏನೋ ಹೇಳಲು ಬಾಯಿ ತೆಗೆದಳು. ಅಪ್ಪ ಅವಳ ಮಾತನ್ನು ಅರ್ಧಕ್ಕೇ ತಡೆದರು.

"ಅವ್ರು ಇನ್ನೂ ಮುಗ್ಸಿಲ್ಲಪ್ಪ," ಎಂದಳು ತಂಗಿ.

"ನೀನ್ ಸುಮ್ನಿರೇ."

"ಮುಗೀಲಿ ತಾಳಪ್ಪ," ಎಂದು ಬೆರಳು ಅಗಲ ಮಾಡಿ ಕೈ ಎತ್ತಿದಳು. ಅಜ್ಜಿ ಹೇಳಿದ್ದನ್ನು ಪೂರ್ತಿ ಕೇಳಿ, ಅಪ್ಪನಿಗೆ ಕನ್ನಡದಲ್ಲಿ, ಮುದುಕರಿಗೆ ದಖ್ಖನಿಯಲ್ಲಿ ಒಂದಕ್ಷರ ಬಿಡದೆ ಹೇಳಿದಳು. "ಬಸ್ಸಿಂದ ಇಳಿಸಿದ್ಮೇಲೆ ಗೋಣಿ ಬಿಚ್ಚಿ ಕೊಡ ನೀರು ಹೊಡ್ದಿದ್ದು ಅಣ್ಣ ಅಂತೆ."

ನೀರು ಹೊಡೆದವನು ನಾನೇ. ಅಪ್ಪ ನನ್ನನ್ನು ಒಂದು ಸಲ ನೋಡಿ, ಗುಲಾಬಿಯನ್ನೆಲ್ಲ ಪಂಚೆಯ ಮೇಲೆ ಹರವಿ, ಒದರಿ, ಮತ್ತೆ ತೂಗಿದರು. ಮುದುಕರು ನಗುತ್ತ, "ಮನೇಲೇ ಪೊಲೀಸ್ ಇಟ್ಕೊಂಡಿದ್ದೀರಲ್ಲ ಗೌಡ್ರೇ," ಎಂದು ಅಪ್ಪನ ಬೆನ್ನು ತಟ್ಟಿದರು. ಅವತ್ತು ಏಟು ಬಿದ್ದದ್ದು ನನಗೆ. ಅವಳಿಗೆ ಅಪ್ಪ ದಾರಿಯಲ್ಲಿ ದೋಸೆ ಕೊಡಿಸಿದರು. ಆಮೇಲೆ ಆ ಮುದುಕರು ಬೇರೆ ಅಂಗಡಿಗೆ ಹೋಗಲೇ ಇಲ್ಲ.

ಅವಳು ಲಾ ಓದಿದಳು, ಕರಿ ಕೋಟು ಹಾಕಿದಳು, ಪರೀಕ್ಷೆ ಬರೆದು ಜಡ್ಜ್ ಆದಳು. ಬರೆಯುವಾಗ ಒಂದು ಸಾಲು. ಆ ಸಾಲಿನ ಹಿಂದೆ ಅವಳು ಬೆಳಗಿನ ಬಸ್ಸಿನಲ್ಲಿ, ಹೂವಿನ ಗೋಣಿಗೆ ಒರಗಿ ಓದಿದ ವರ್ಷಗಳಿವೆ. ಅವಳ ಪುಸ್ತಕಗಳಿಗೆ ಒಂದಕ್ಕೂ ಹೊಸ ಪುಸ್ತಕದ ವಾಸನೆ ಇರಲಿಲ್ಲ, ಎಲ್ಲ ಸುಗಂಧರಾಜದ ವಾಸನೆ. ಜಡ್ಜ್ ಆಗಿ ಮೊದಲ ದಿನ ಕೋರ್ಟಿಗೆ ಹೊರಟಾಗ ಅಪ್ಪ ದಪ್ಪನೆಯ ಹಾರ ಕಟ್ಟಿ ತಂದರು. ತಲೆ ಬಾಗಿಸಿ ಹಾಕಿಸಿಕೊಂಡಳು. ಗೇಟು ದಾಟುವ ಮೊದಲು ತೆಗೆದು ದೇವರ ಪಟಕ್ಕೆ ಹಾಕಿ ಬಂದಳು. "ಇದೊಂದೇ ಹಾರ ಅಪ್ಪ. ಇನ್ಮೇಲೆ ಯಾರ ಕೈಯಿಂದಲೂ ಹಾಕಿಸ್ಕೊಳ್ಳಲ್ಲ," ಎಂದಳು. ಹಾಗೆಯೇ ನಡೆದುಕೊಂಡಳು. ನೆಂಟರ ಮದುವೆಗೆ ಬಂದರೆ ಅಕ್ಷತೆ ಹಾಕಿ, ಪಂಕ್ತಿ ಏಳುವ ಮೊದಲೇ ಹೊರಟುಬಿಡುತ್ತಿದ್ದಳು. ನಮ್ಮ ಕಡೆ ಯಾರದೇ ಕೈ ಹಿಡಿದರೂ ಅವರಿಗೊಂದು ಜಮೀನಿನ ಕೇಸು ಇರುತ್ತದೆ. ಊಟದ ಎಲೆಯ ಮುಂದೆ ಕೂತವಳನ್ನು ಯಾರಾದರೂ ಮಾತಾಡಿಸದೆ ಬಿಡುತ್ತಾರೆಯೇ?

ಮಾರುಕಟ್ಟೆಯಲ್ಲಿ ನನ್ನ ಹೆಸರೇ ಬದಲಾಯಿತು. ಪಕ್ಕದ ಹಣ್ಣಿನ ಅಂಗಡಿಯವನು ದಿನಾ ಬೆಳಿಗ್ಗೆ, "ಏನ್ ಜಡ್ಜಣ್ಣ, ಇವತ್ತು ಮಲ್ಲಿಗೆಗೆ ಏನ್ ತೀರ್ಪು?" ಅನ್ನುತ್ತಿದ್ದ.

"ಜೀವಾವಧಿ," ಅನ್ನುತ್ತಿದ್ದೆ ನಾನು, ರೇಟು ಏರಿದ ದಿನ.

ಅದು ನನಗೆ ಎಷ್ಟು ಹಿತವಾಗಿತ್ತು ಎಂದು ಆಗ ನನಗೇ ಗೊತ್ತಿರಲಿಲ್ಲ.

ಮೊದಲ ವರ್ಷಗಳನ್ನು ಅವಳು ಕಲಬುರಗಿ, ರಾಯಚೂರಿನ ಕಡೆ ಕಳೆದಳು. ಬಿಸಿಲಿಗೆ ಕಪ್ಪಗಾಗಿ, ಅಲ್ಲಿನ ಮಾತು ಕಲಿತು ಬಂದಳು. ಆಮೇಲೆ ಬೆಂಗಳೂರಿನ ಕೆಳಗಿನ ಕೋರ್ಟೊಂದರಲ್ಲಿ ಇದ್ದಾಗ ನಾನು ಒಂದು ಸಲ ಹೇಳದೆ ಕೇಳದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಒಬ್ಬ ಹೆಂಗಸು ಕಟಕಟೆಯಲ್ಲಿ ನಿಂತಿದ್ದಳು. ಕಲಬುರಗಿ ಕಡೆಯಿಂದ ಬಂದು, ನಮ್ಮ ದೊಡ್ಡನೆಕ್ಕುಂದಿಯಲ್ಲೇ ಬಾಡಿಗೆ ಕೋಣೆಯಲ್ಲಿದ್ದವಳು. ಗಂಡ ಗಾರೆ ಕೆಲಸದವನು, ಕಟ್ಟುತ್ತಿದ್ದ ಕಟ್ಟಡದಿಂದ ಬಿದ್ದು ಸತ್ತಿದ್ದ. ಪರಿಹಾರದ ಕೇಸು. ಅವಳು ಏನು ಹೇಳಿದರೂ ಕಂಟ್ರಾಕ್ಟರನ ಕಡೆಯ ವಕೀಲರು ಅದನ್ನು ಎರಡು ಮಾತಿಗೆ ಇಳಿಸಿ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದರು.

ತಂಗಿ ಕೈ ಎತ್ತಿ ತಡೆದಳು. "ಅವರು ಅಷ್ಟೇ ಹೇಳಲಿಲ್ಲ ವಕೀಲರೇ," ಎಂದು, ಹೆಂಗಸಿನ ಕಡೆ ತಿರುಗಿ ಅವಳದೇ ಮಾತಿನಲ್ಲಿ ಕೇಳಿದಳು. "ಹೇಳವ್ವಾ. ಸೊಂಟಕ್ಕ ಹಗ್ಗ ಕಟ್ಟಿದ್ರೇನು?"

"ಇಲ್ರಿ. ಕೇಳಿದ್ರ, ನಾಳಿ ತರ್ತೀವಿ ಅಂದಿದ್ರರಿ. ದಿನಾ ನಾಳಿ ಅಂದ್ರರಿ."

ಅದನ್ನು ಹಾಗೆಯೇ ಟೈಪಿಸ್ಟಿಗೆ ಹೇಳಿ ಬರೆಸಿದಳು, ಓದಿಸಿದಳು, ಹೌದೇ ಎಂದು ಕೇಳಿದಳು. ಕೊನೆಗೆ ಕೇಳಿದ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. "ಇನ್ನೇನಾರ ಹೇಳೂದದ ಏನವ್ವಾ?"

ಹೆಂಗಸು ಸೆರಗಿನ ತುದಿ ತಿರುಚಿದಳು. "ಅದರಿ. ಅವನ ಕರಣಿ ಅಲ್ಲೇ ಶೆಡ್ಡಿನ್ಯಾಗ ಉಳದದರಿ. ಅದೊಂದು ಕೊಡಸ್ರಿ."

ಕರಣಿ ಎಂದರೆ ಗಾರೆ ಬಳಿಯುವ ಸಲಕರಣೆ. ವಕೀಲರ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕರು. ತಂಗಿ ನಗಲಿಲ್ಲ. ಅದನ್ನೂ ಬರೆಸಿದಳು. ತೀರ್ಪು ಬಂದಾಗ ಪರಿಹಾರದ ಆದೇಶದ ಕೆಳಗೆ, ಮೃತನ ಕರಣಿಯನ್ನು ಹೆಂಡತಿಗೆ ಹಿಂದಿರುಗಿಸತಕ್ಕದ್ದು ಎಂದು ಒಂದು ಸಾಲು ಇತ್ತಂತೆ. ಆ ಕೇಸಿನ ವಕೀಲರ ಗುಮಾಸ್ತ ನಮ್ಮ ಅಂಗಡಿಗೆ ಬಂದಾಗ ಹೇಳಿದ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರ ಮಾತೂ ಮುಗಿಯುವ ತನಕ ಕಾಯುವುದು, ಮುಗಿದ ಮೇಲೂ ಇನ್ನೊಂದು ಸಲ ಕೇಳುವುದು. ಅವಳ ವಿದ್ಯೆಯೆಲ್ಲ ಅದರ ಮೇಲೆ ನಿಂತಿದೆ ಎಂದು ಓದದ ನನಗೆ ಅನ್ನಿಸುತ್ತದೆ.

ಇನ್ನು ಮುಂದಿನದು ಅವಳು ಹೈಕೋರ್ಟಿಗೆ ಹೋದ ಮೇಲೆ ನಡೆದದ್ದು.

ನಮ್ಮ ವ್ಯಾಪಾರದಲ್ಲಿ ಬೋಣಿ ಎಂದರೆ ದಿನದ ಮೊದಲ ಮಾರಾಟ. ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ, ಅವರಿಗೆ ಇಲ್ಲ ಎಂಬ ಮಾತು ಹೇಳುವುದಿಲ್ಲ. ಕಳಿಸಿದರೆ ದಿನವಿಡೀ ವ್ಯಾಪಾರ ಏಳುವುದಿಲ್ಲ ಎಂದು ಅಪ್ಪನೇ ನನಗೆ ಹೇಳಿಕೊಟ್ಟದ್ದು. ಆಯುಧಪೂಜೆಯ ಹಿಂದಿನ ದಿನ, ಇನ್ನೂ ತಕ್ಕಡಿಗೆ ಹೂ ಮುಟ್ಟಿಸಿರಲಿಲ್ಲ, ಕೆ.ಆರ್. ಪುರದ ಕಡೆಯ ಒಬ್ಬ ಜಮೀನುದಾರರು ಬಂದರು. ದೂರದ ನೆಂಟರೂ ಆಗಬೇಕು. ಇದ್ದ ಸೇವಂತಿಗೆಯನ್ನೆಲ್ಲ ಕೇಳಿದ ರೇಟಿಗೆ, ಒಂದು ಮಾತು ಚೌಕಾಸಿ ಮಾಡದೆ, ಗಾಡಿಗೆ ಹಾಕಿಸಿದರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟರು.

"ನಮ್ದೊಂದು ಜಮೀನಿನ ಮ್ಯಾಟ್ರು ನಿಮ್ ತಂಗಿಯವ್ರ ಮುಂದೆ ಬಂದಿದೆ. ಜಾಸ್ತಿ ಏನಿಲ್ಲ. ನಮ್ಮೋರು ಅಂತ ಒಂದ್ ಮಾತು."

"ಅವಳು ಅಂಥದ್ದೆಲ್ಲ ಕೇಳಲ್ಲ ಗೌಡ್ರೇ."

"ಕೇಳೋದು ಬಿಡೋದು ಅವ್ರಿಗೆ ಬಿಟ್ಟಿದ್ದು. ನೀವ್ ಹೇಳಿ. ಬೋಣಿ ಗಿರಾಕಿಗೆ ಇಲ್ಲ ಅಂತೀರಾ?"

"ಆಯ್ತು, ನೋಡೋಣ," ಅಂದೆ.

ಬೋಣಿಯ ಮೇಲೆ ತಪ್ಪು ಹೊರಿಸಿ ನಾನು ತಪ್ಪಿಸಿಕೊಳ್ಳಲಾರೆ. ಅಂಥ ದೊಡ್ಡ ಮನುಷ್ಯ ನನ್ನ ಭುಜ ಹಿಡಿದು ಕೇಳಿದ್ದು, ಪಕ್ಕದ ಅಂಗಡಿಯವನು ಅದನ್ನು ನೋಡಿದ್ದು ನನಗೆ ಬೇಕಾಗಿತ್ತು. ತಂಗಿಗೆ ನಾನು ಏನೂ ಹೇಳಲಿಲ್ಲ, ಹೇಳುವ ಉದ್ದೇಶವೂ ಇರಲಿಲ್ಲ. ಆದರೆ ಆ ಮನುಷ್ಯ ಊರಿಡೀ ಹೇಳಿಕೊಂಡು ಬಂದರು, ಜಡ್ಜಮ್ಮನ ಅಣ್ಣ ಮಾತು ಕೊಟ್ಟಿದ್ದಾರೆ ಎಂದು. ಅದು ಎದುರು ಪಾರ್ಟಿಯ ಕಿವಿಗೆ ಬಿತ್ತು, ಅಲ್ಲಿಂದ ಕೋರ್ಟಿಗೆ ಹೋಯಿತು. ತಂಗಿ ತುಂಬಿದ ಕೋರ್ಟಿನಲ್ಲಿ, ಒಬ್ಬ ಪಕ್ಷಗಾರರು ತನ್ನ ಮನೆಯವರ ಜೊತೆ ಮಾತಾಡಿರುವುದಾಗಿ ತಿಳಿದಿದೆ, ಆದ್ದರಿಂದ ಈ ಕೇಸನ್ನು ತಾನು ಕೇಳುವುದು ಸರಿಯಲ್ಲ ಎಂದು ಹೇಳಿ ಬೇರೆ ನ್ಯಾಯಮೂರ್ತಿಗಳಿಗೆ ಕಳಿಸಿಬಿಟ್ಟಳು. ಯಾವ ಮನೆಯವರು ಎಂದು ಹೇಳಲಿಲ್ಲ. ಮುಚ್ಚಿಡಬಹುದಾಗಿತ್ತು. ಯಾರೋ ಆಡಿಕೊಂಡ ಮಾತು ಎಂದು ತಳ್ಳಿಹಾಕಬಹುದಾಗಿತ್ತು. ಅವಳೇ ಎಲ್ಲರ ಎದುರು ಹೇಳಿ, ಎಲ್ಲರೂ ತನ್ನನ್ನು ನೋಡುವಂತೆ ಮಾಡಿಕೊಂಡಳು.

ಅವತ್ತು ಸಂಜೆ ಅವಳ ಫೋನು ಬಂತು. "ಅಣ್ಣ, ಯಾರಾದ್ರೂ ನಿನ್ ಹತ್ರ ಬಂದಿದ್ರಾ?"

"ಇಲ್ಲಮ್ಮ. ಯಾರೂ ಇಲ್ಲ."

ಬಹಳ ಬೇಗ ಹೇಳಿದೆ.

"ಸರಿ. ಇನ್ನೊಂದು ವಿಷಯ. ಈಗ ನನ್ನ ಮುಂದೆ ಇರೋದೆಲ್ಲ ನಮ್ ಕಡೆಯ ಜಮೀನಿನ ಕೇಸುಗಳೇ. ನಮ್ ಮನೆ ಜಗಲಿ ಮೇಲೆ ಯಾವಾಗ್ಲೂ ನಾಲ್ಕ್ ಜನ ಕೂತಿರ್ತಾರೆ. ನಾನ್ ಅಲ್ಲಿಗೆ ಬಂದ್ರೆ ಮತ್ತೆ ಇದೇ ಆಗತ್ತೆ. ರಿಟೈರ್ ಆಗೋ ತನಕ ನಾನ್ ಮನೆಗೆ ಬರಲ್ಲ. ಅಪ್ಪಂಗೆ ಕಾರಣ ಸರಿಯಾಗ್ ಹೇಳು. ಭಾನುವಾರ ಅಪ್ಪನ್ನ ನನ್ ಮನೆಗೆ ಕರ್ಕೊಂಡ್ ಬಾ, ಬೇಕಾದ್ರೆ ಕಾರು ಕಳಿಸ್ತೀನಿ. ಹೇಳ್ತೀಯಲ್ಲ?"

"ಹೇಳ್ತೀನಿ."

ಹೇಳಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅಪ್ಪ, ಯಾರೋ ಅದು ಮನೆಯವರು ಎಂದು ಕೇಳುತ್ತಾರೆ. ಒದ್ದೆ ಗುಲಾಬಿಯನ್ನು ಪಂಚೆಯ ಮೇಲೆ ಹರವಿದ ದಿನ ಅಪ್ಪ ನನ್ನನ್ನು ನೋಡಿದ ನೋಟ ನನಗೆ ಗೊತ್ತಿತ್ತು. ಈ ವಯಸ್ಸಿನಲ್ಲಿ ಅದನ್ನು ಮತ್ತೆ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಮೊದಲ ಭಾನುವಾರ, ಮುಂದಿನ ವಾರ ಹೇಳೋಣ ಅಂದುಕೊಂಡೆ. ಆಮೇಲೆ ಹೇಳದೆ ಇದ್ದದ್ದಕ್ಕೂ ಕಾರಣ ಕೊಡಬೇಕಾಯಿತು. ಹಾಗೆ ಎರಡೂ ಕಡೆ ಸುಳ್ಳು ಹೆಣೆದೆ. ತಂಗಿಗೆ, "ಅಪ್ಪಂಗೆ ಕಾರಲ್ಲಿ ಕೂತ್ರೆ ತಲೆ ಸುತ್ತತ್ತಮ್ಮ, ಎಲ್ಲೂ ಬರಲ್ಲ ಅಂತಾರೆ," ಎಂದೆ. ಅಪ್ಪನಿಗೆ ಎಡಗಿವಿಯಲ್ಲಿ, "ಅವಳಿಗೆ ಪುರುಸೊತ್ತಿಲ್ಲಪ್ಪ," ಎಂದೆ. ಹೆಂಡತಿಗೂ ಅದನ್ನೇ ಹೇಳಿದೆ.

ಅಪ್ಪ ಮೊದಮೊದಲು ಹಬ್ಬದ ದಿನ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. "ಬರ್ತಾಳಂತಾ?" ಎಂದು ಕೇಳುತ್ತಿದ್ದರು. ಒಂದು ಯುಗಾದಿ, ಎರಡನೆಯ ಯುಗಾದಿ. ಆಮೇಲೆ ಕೇಳುವುದನ್ನು ಬಿಟ್ಟರು. ಒಂದು ದಿನ ಜಗಲಿಯಲ್ಲಿ ಯಾರೋ, ಮಗಳು ದೊಡ್ಡ ಮನುಷ್ಯಳಾಗಿಬಿಟ್ಟಳು, ಇತ್ತ ಬರೋದೇ ಇಲ್ಲ ಎಂದು ಅಪ್ಪನ ಕಿವಿಗೆ ಜೋರಾಗಿ ಹೇಳಿದರು. ಅಪ್ಪ ಎಡಗಿವಿಯನ್ನು ಆಚೆ ತಿರುಗಿಸಿಕೊಂಡರು. ಕೇಳುವುದು ಸಾಕು ಎನ್ನಲು ಅಪ್ಪನ ರೀತಿ ಅದು.

ತಂಗಿ ನಿವೃತ್ತಿಯಾದ ವಾರವೇ ಮನೆಗೆ ಬಂದಳು. ಹೊರದೇಶದ ನ್ಯಾಯಮಂಡಳಿಗೆ ಅವಳನ್ನು ಆರಿಸಿದ್ದರು, ಹೊರಡಲು ಹೆಚ್ಚು ದಿನ ಇರಲಿಲ್ಲ. ಅಪ್ಪ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿದ್ದರು. ಅವಳು ಬಾಗಿಲಲ್ಲಿ ಕಾಣಿಸಿದ ತಕ್ಷಣ ಅಪ್ಪ ಎಡಗಡೆ ಹೊರಳಿ, ಆ ಕಿವಿಯನ್ನು ದಿಂಬಿಗೆ ಒತ್ತಿ, ಗೋಡೆಯ ಕಡೆ ಮುಖ ಮಾಡಿದರು. ಅವಳು ಮಂಚದ ಅಂಚಿನಲ್ಲಿ ಕೂತು ಬಹಳ ಹೊತ್ತು ಮಾತಾಡಿದಳು. ಅಷ್ಟೂ ಮಾತು ಕೇಳಿಸದ ಆ ಬಲಗಿವಿಗೇ. ಎಷ್ಟು ದೂರ ಹೋಗುತ್ತಿದ್ದೇನೆ, ಏನು ಕೆಲಸ, ಹಬ್ಬಕ್ಕೆ ಬರುತ್ತೇನೆ, ಹೀಗೆ. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾಲ್ಕು ಹೆಜ್ಜೆ ಒಳಗೆ ಹೋಗಿ, ಅಪ್ಪನನ್ನು ಈ ಕಡೆ ತಿರುಗಿಸಿ, ಅವಳ ತಪ್ಪಲ್ಲಪ್ಪ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಕಾಫಿಯ ಮೇಲೆ ಕೆನೆ ಕಟ್ಟಿತು. ನಾನು ನಿಂತೇ ಇದ್ದೆ.

ಅವಳು ಅಪ್ಪನ ಪಾದ ಮುಟ್ಟಿ ಎದ್ದು ಬಂದಳು. ಗೇಟಿನ ಹತ್ತಿರ, "ಕಾರಣ ಗೊತ್ತಿದ್ರೂ ಅಪ್ಪ ಕೋಪ ಬಿಡ್ಲಿಲ್ಲ ಅಲ್ವಾ," ಎಂದಳು. ನನ್ನನ್ನು ಕೇಳಿದ್ದಲ್ಲ. ಅವಳಿಗೆ ಅವಳೇ ಹೇಳಿಕೊಂಡದ್ದು. ನಾನು ಗೇಟು ತೆಗೆದೆ.

ಅವಳು ಹೋದ ಮೂರನೆಯ ತಿಂಗಳು ಅಪ್ಪ ತೀರಿಕೊಂಡರು. ಅಲ್ಲಿ ಸಾಕ್ಷಿಗಳ ವಿಚಾರಣೆ ನಡೆಯುತ್ತಿತ್ತು. ಅವಳು ಬಂದು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರ್ಯಗಳಿಗೆ ಇದ್ದು ಹಿಂದಿರುಗಿದಳು.

ಆಮೇಲಿನ ವರ್ಷಗಳಲ್ಲಿ ಅವಳನ್ನು ನಾನು ಹೆಚ್ಚಾಗಿ ನೋಡಿದ್ದು ನನ್ನ ಮಗಳ ಮೊಬೈಲಿನಲ್ಲಿ. ಆ ಕೋರ್ಟಿನ ವಿಚಾರಣೆಯನ್ನು ಇಂಟರ್ನೆಟ್ಟಿನಲ್ಲಿ ತೋರಿಸುತ್ತಾರೆ. ಮಧ್ಯಾಹ್ನ ವ್ಯಾಪಾರ ಇಳಿದ ಮೇಲೆ ಮನೆಗೆ ಬಂದು ಮಗಳನ್ನು ಕೂರಿಸಿಕೊಂಡು, ಏನಂದ್ರು, ಏನಂದ್ರು ಎಂದು ಕೇಳುತ್ತಿದ್ದೆ. ಮೂವರು ನ್ಯಾಯಾಧೀಶರಲ್ಲಿ ನಡುವಿನವಳು ನನ್ನ ತಂಗಿ, ಕಪ್ಪು ಗೌನು, ಕೊರಳಲ್ಲಿ ಬಿಳಿ ಪಟ್ಟಿ, ಕಿವಿಗೆ ಹೆಡ್‌ಫೋನು. ಸಾಕ್ಷಿಗಳ ಮುಖ ಗುರುತು ಸಿಗದಂತೆ ಮಸುಕು ಮಾಡಿರುತ್ತಾರೆ. ಅವರು ತಮ್ಮ ಭಾಷೆಯಲ್ಲಿ ಹೇಳುತ್ತಾರೆ, ಗಾಜಿನ ಹಿಂದೆ ಕೂತ ಇಂಟರ್‌ಪ್ರಿಟರುಗಳು ಅದನ್ನು ಇಂಗ್ಲಿಷಿಗೆ ತರುತ್ತಾರೆ. ದೊಡ್ಡ ದೊಡ್ಡ ವಕೀಲರು ಅವಸರದಲ್ಲಿ ಮುಂದಿನ ಪ್ರಶ್ನೆಗೆ ಹಾರಿದರೆ ತಂಗಿ ಕೈ ಎತ್ತುತ್ತಿದ್ದಳು.

"ಏನಂದ್ಲು?"

"ಸ್ವಲ್ಪ ತಾಳಿ, ಅವರ ಮಾತು ಇನ್ನೂ ನಮಗೆ ಪೂರ್ತಿ ಬಂದಿಲ್ಲ ಅಂದ್ರು ಅತ್ತೆ."

ನಾನು ನಕ್ಕುಬಿಟ್ಟೆ. ಗುಲಾಬಿ ಜಗಳದ ದಿನದ ಕೈಯೇ ಅದು. ಅದೇ ರೀತಿ ಎತ್ತಿದ್ದಳು, ಬೆರಳುಗಳನ್ನು ಸ್ವಲ್ಪ ಅಗಲ ಮಾಡಿ. ಎಲ್ಲೆಲ್ಲಿಯ ಸರಕಾರಗಳ ವಕೀಲರು ಆ ಕೈಗೆ ಬಾಯಿ ಮುಚ್ಚಿ ಕೂರುತ್ತಿದ್ದರು.

ಒಂದು ದಿನ ತಮ್ಮನನ್ನು ಕಳೆದುಕೊಂಡ ಒಬ್ಬ ಹೆಂಗಸು ಸಾಕ್ಷಿ ಹೇಳುತ್ತಿದ್ದಳು. ವಿಚಾರಣೆ ಒಂದಷ್ಟು ಮುಂದೆ ಹೋಗಿತ್ತು. ನಡುವೆ ಒಂದು ಹೆಂಗಸಿನ ದನಿ ಕೇಳಿತು, ಯಾರೂ ಪ್ರಶ್ನೆ ಕೇಳದೆಯೇ. ಮಗಳು ಹೇಳಿದಳು, "ಅದು ಇಂಟರ್‌ಪ್ರಿಟರ್ ಅಪ್ಪ. ಸಾಕ್ಷಿ ಆಗಲೇ ಹೇಳಿದ್ ಒಂದ್ ವಾಕ್ಯ ನನ್ನಿಂದ ಬಿಟ್ಟುಹೋಗಿದೆ, ಕ್ಷಮಿಸಿ, ಈಗ ಹೇಳ್ತೀನಿ ಅಂತಿದ್ದಾರೆ."

"ಯಾವ್ ವಾಕ್ಯ?"

"ಅವರ ತಮ್ಮ ಅವರನ್ನ ಹೆಸರು ಹಿಡಿದು ಕೂಗಿದ್ನಂತೆ."

ತಂಗಿ ಇಂಟರ್‌ಪ್ರಿಟರಿಗೆ ಥ್ಯಾಂಕ್ಸ್ ಹೇಳಿ, ಎಲ್ಲರನ್ನೂ ಆ ಜಾಗಕ್ಕೆ ಹಿಂದಕ್ಕೆ ಕರೆದುಕೊಂಡು ಹೋಗಿ, ಆ ವಾಕ್ಯವನ್ನು ದಾಖಲೆಗೆ ಸೇರಿಸಿದಳು. ಆಮೇಲೆ ವಿಚಾರಣೆ ಎಂದಿನಂತೆ ನಡೆಯಿತು. ನಾನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮುಂದಿನ ಸಲ ಅವಳ ಫೋನು ಬಂದಾಗ ಕೇಳಿದೆ. "ಆ ಇಂಟರ್‌ಪ್ರಿಟರಮ್ಮಂಗೆ ಆಮೇಲೆ ಏನಾದ್ರೂ ಅಂದ್ರಾ? ಕೆಲಸ ಹೋಯ್ತಾ?"

ಅವಳಿಗೆ ನಗು ಬಂತು. "ಯಾಕ್ ಹೋಗತ್ತೆ? ಬಿಟ್ಟುಹೋಗೋದು ಎಲ್ಲರಿಗೂ ಆಗತ್ತೆ ಅಣ್ಣ. ಗೊತ್ತಾದ್ ತಕ್ಷಣ ಅವಳೇ ಹೇಳಿದ್ಲು. ಹೇಳ್ದೆ ಇದ್ದಿದ್ರೆ ಆ ವಾಕ್ಯ ಇಲ್ದೇನೇ ನಾವು ತೀರ್ಪು ಬರೀತಿದ್ವಿ."

ಬಾಯಿ ತೆಗೆದೆ. "ಇಲ್ಲಿ ಮಳೆ ಜಾಸ್ತಿ ಕಣಮ್ಮ," ಎಂದೆ.

ಅವಳ ಅವಧಿ ಮುಗಿಯಿತು. ಈಗ ಜೀವನ್ ಬಿಮಾ ನಗರದಲ್ಲಿ ಒಂದು ಮಹಡಿ ಮೇಲಿನ ಮನೆಯಲ್ಲಿ ಇದ್ದಾಳೆ. ಸೊಪ್ಪು ತರಲು ತಾನೇ ಹೋಗುತ್ತಾಳೆ, ಅವಳು ಯಾರೆಂದು ಆ ಸೊಪ್ಪಿನವಳಿಗೂ ಗೊತ್ತಿಲ್ಲ. ಅಪ್ಪನ ತಿಥಿಯ ದಿನ ಬೆಳಿಗ್ಗೆ, ನಾನು ಇನ್ನೂ ಗೋಣಿ ಬಿಚ್ಚುತ್ತಿದ್ದೆ, ಆಟೊ ಇಳಿದು ಬಟ್ಟೆಯ ಚೀಲ ಹಿಡಿದು ಅಂಗಡಿಯ ಮುಂದೆ ಬಂದು ನಿಂತಳು.

"ಯಾಕ್ ಬರಕ್ಕೋದೆ? ಮನೆಗೆ ನಾನೇ ತರ್ತಿದ್ನಲ್ಲ."

"ಅಪ್ಪಂಗೆ ಸುಗಂಧರಾಜ ನಾನೇ ಆರಿಸ್ಬೇಕು ಅನ್ನಿಸ್ತು. ಬೋಣಿ ಆಯ್ತಾ?"

"ಇನ್ನೂ ಇಲ್ಲ."

"ಹಾಗಾದ್ರೆ ನಂದೇ."

ಅಪ್ಪ ಕೂರುತ್ತಿದ್ದ ಮರದ ಸ್ಟೂಲಿನ ಮೇಲೆ ಕೂತು, ಒಂದೊಂದೇ ಕಡ್ಡಿ ಎತ್ತಿ ನೋಡಿ ಆರಿಸತೊಡಗಿದಳು. ಪಕ್ಕದ ಅಂಗಡಿಯವನು ಸೇಬು ಒರೆಸುತ್ತ ಸಲಾಂ ಮಾಡಿದ. ಅವಳೂ ಮಾಡಿದಳು. ಕೈಯಲ್ಲಿನ ಹೂವಿನಿಂದ ತಲೆ ಎತ್ತದೆ ಕೇಳಿದಳು.

"ಅಣ್ಣ, ಒಂದ್ ಕೇಳ್ತೀನಿ, ಇಲ್ಲ ಅನ್ಬೇಡ. ಅಪ್ಪ ಕೊನೇಲಿ ನನ್ ಬಗ್ಗೆ ಏನಂದ್ರು? ಕೆಟ್ಟದ್ದಾದ್ರೂ ಪರ್ವಾಗಿಲ್ಲ."

ನಾನು ಗೋಣಿಯನ್ನು ಕೆಳಗಿಟ್ಟೆ. ನಿಂತೇ ಹೇಳಿದೆ. ಆಯುಧಪೂಜೆಯ ಹಿಂದಿನ ದಿನ ಬಂದ ಮನುಷ್ಯ, ನಾನು ಅಂದ ಮಾತು, ಫೋನಿನಲ್ಲಿ ಅಂದ ಸುಳ್ಳು.

"ಅದು ಗೊತ್ತಿತ್ತು," ಎಂದಳು. "ಎದುರು ಪಾರ್ಟಿ ಅವತ್ತೇ ಹೇಳಿದ್ರು, ಹೂವಿನ ಅಂಗಡೀಲಿ ಮಾತಾಯ್ತು ಅಂತ. ನೀನೇ ಹೇಳ್ತೀಯ ಅಂತ ಕಾದೆ." ಮತ್ತೊಂದು ಕಡ್ಡಿ ಎತ್ತಿಕೊಂಡಳು.

"ಅದಷ್ಟೇ ಅಲ್ಲ."

ಎರಡು ವರ್ಷದ್ದನ್ನು ಹೇಳಿದೆ. ಅಪ್ಪನ ತಲೆ ಎಂದೂ ಸುತ್ತಲಿಲ್ಲ ಎಂದೆ. ಕಾರು ಕಳಿಸುತ್ತಾಳೆ ಎಂದು ತಿಳಿದಿದ್ದರೆ ಶನಿವಾರವೇ ಸ್ನಾನ ಮಾಡಿ ಕೂತಿರುತ್ತಿದ್ದರು ಎಂದೆ. ಯುಗಾದಿಯ ದಿನ ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದದ್ದನ್ನು ಹೇಳಿದೆ. ಪುರುಸೊತ್ತಿಲ್ಲ ಎಂದು ನಾನು ಅವರ ಕಿವಿಗೆ ಹೇಳಿದ್ದನ್ನು ಹೇಳಿದೆ. ಅವಳು ಬಂದ ದಿನ ಅಪ್ಪ ಗೋಡೆಗೆ ತಿರುಗಿದ್ದು ಕಾರಣ ತಿಳಿದ ಮೇಲಿನ ಕೋಪದಿಂದ ಅಲ್ಲ, ಕಾರಣವೇ ಅವರಿಗೆ ತಿಳಿದಿರಲಿಲ್ಲ, ಮಗಳಿಗೆ ತಾನು ಬೇಡವಾದೆ ಎಂದುಕೊಂಡಿದ್ದರು ಎಂದೆ.

ಅವಳ ಕೈಯಲ್ಲಿದ್ದ ಸುಗಂಧರಾಜ ಮಡಿಲಿಗೆ ಬಿತ್ತು. ಅವಳು ನನ್ನನ್ನು ನೋಡಲಿಲ್ಲ. ತಕ್ಕಡಿಯನ್ನು ನೋಡುತ್ತ ಕೂತಳು. ನಡುವೆ ಒಂದು ಸಲವೂ ನನ್ನ ಮಾತನ್ನು ತಡೆದಿರಲಿಲ್ಲ. ಮಲ್ಲಿಗೆ ಕೇಳಲು ಬಂದ ಹೆಂಗಸೊಬ್ಬಳು ನಮ್ಮಿಬ್ಬರ ಮುಖ ನೋಡಿ ಮುಂದಿನ ಅಂಗಡಿಗೆ ಹೋದಳು.

ತಂಗಿ ಕಣ್ಣೊರೆಸಿಕೊಂಡು, ಕೋರ್ಟಿನಲ್ಲಿ ಕೇಳಿದ ಅದೇ ದನಿಯಲ್ಲಿ ಕೇಳಿದಳು. "ಇನ್ನೇನಾದ್ರೂ ಹೇಳೋದಿದೆಯಾ ಅಣ್ಣ?"

"ಇದೆ," ಎಂದೆ. "ನೀನ್ ಹೇಳು ಅಂದ ಮಾತನ್ನ ನಾನು ಅಪ್ಪಂಗೆ ಮುಟ್ಟಿಸ್ಲಿಲ್ಲ. ಅಪ್ಪನ್ನ ನಿನ್ನಿಂದ ದೂರ ಮಾಡಿದ್ದು ನಾನು. ತಪ್ಪಾಯ್ತು ಕಣಮ್ಮ. ನನ್ನದೇ ತಪ್ಪು. ನನ್ನನ್ನ ಕ್ಷಮಿಸ್ಬಿಡು."